ಹೊನ್ನೆ ಮರದ ಬೇರು

ಅಳಿವೆಯ ಅಯ್ಯನವರು ಕೂತು ಪಾಠ ಹೇಳಿದ್ದನ್ನು ಯಾರೂ ಕಂಡಿಲ್ಲ. ಅವರದ್ದೇನಿದ್ದರೂ ನಡೆಯುತ್ತಾ ಹೇಳುವ ಪಾಠ.

ಹೊಳೆ ಕಡಲನ್ನು ಸೇರುವ ಅಳಿವೆಯ ಹತ್ತಿರ ಅವರ ಆಶ್ರಮ. ಆಶ್ರಮ ಅಂದರೆ ಎಂತದು, ಎರಡು ಸೋಗೆಯ ಗುಡಿಸಲು, ಒಂದು ಬಾವಿ, ಸುತ್ತ ಒಂದು ಬೇಲಿ. ಈಚೆ ಕಡಲು, ಆಚೆ ಹೊಳೆ, ನಡುವೆ ಉದ್ದಕ್ಕೆ ಚಾಚಿಕೊಂಡ ಮರಳು ನೆಲ.

ಬೆಳಗಾದರೆ ಅಯ್ಯನವರು ಬರಿಗಾಲಲ್ಲಿ ಹೊರಟುಬಿಡುವರು. ಮೊದಲು ಕಡಲಂಚಿನ ಹಸಿ ಮರಳಿನ ಮೇಲೆ ಅಳಿವೆಯ ತುದಿಯವರೆಗೆ. ಅಲ್ಲಿ ಕೇದಗೆಯ ಪೊದೆಯ ಹತ್ತಿರ ಬಲಕ್ಕೆ ತಿರುಗಿ, ಹೊಳೆಯಂಚಿನ ಕಾಡಿನೊಳಗಿಂದ ವಾಪಸು.

ಬಹಳ ಸುಲಭದ ದಾರಿ. ಏರಿಲ್ಲ, ಇಳಿಜಾರಿಲ್ಲ. ಕಂಕುಳಲ್ಲಿ ಕೂಸನ್ನಿಟ್ಟುಕೊಂಡು, ತಲೆ ಮೇಲೆ ಮೀನಬುಟ್ಟಿ ಹೊತ್ತುಕೊಂಡು, ಜಗಳ ಆಡುತ್ತಾ ಹೆಂಗಸರು ಅದೇ ದಾರಿಯಲ್ಲಿ ಓಡಾಡುತ್ತಿದ್ದರು.

ಅಷ್ಟು ಸುಲಭದ ದಾರಿ ದುಗ್ಗಪ್ಪನಿಗೆ ಬೇಸರ ತಂದಿತ್ತು.

ದುಗ್ಗಪ್ಪ ಅಯ್ಯನವರ ಶಿಷ್ಯ. ಕಟ್ಟುಮಸ್ತಾದ ಆಳು, ಕೆಲಸಕ್ಕೆ ಎರಡು ಕೈ ಸಾಲದವನು. ಸುಮ್ಮನೆ ಕೂರು ಎಂದರೆ ಜ್ವರ ಬರುತ್ತಿತ್ತು. ಗುರುಸೇವೆ ಅಂದರೆ ಬೆವರು ಸುರಿಯಬೇಕು, ಇಲ್ಲದಿದ್ದರೆ ಅದೆಂಥ ಸೇವೆ ಎಂದು ಅವನ ಲೆಕ್ಕ. ಒಂದು ಕೊಡ ನೀರು ಸಾಕು ಎಂದರೆ ಹಂಡೆ ತುಂಬಿಸುವನು.

"ಗುರುಗಳೇ, ನನಗೆ ಉಪದೇಶ ಯಾವಾಗ?" ಎಂದು ಒಂದು ದಿನ ಕೇಳಿಯೇಬಿಟ್ಟ.

"ದಾರಿ ನಡೆ, ಆಮೇಲೆ ನೋಡುವ."

"ದಿನಾ ನಡೆಯುತ್ತಿದ್ದೇನಲ್ಲ!"

"ನನ್ನ ಬೆನ್ನ ಹಿಂದೆ ನಡೆಯುತ್ತಿದ್ದೀಯ. ದಾರಿಯಲ್ಲಿ ಇನ್ನೂ ನಡೆದಿಲ್ಲ."

ದುಗ್ಗಪ್ಪನಿಗೆ ಅರ್ಥವಾಗಲಿಲ್ಲ. ಅರ್ಥವಾಗದ್ದೆಲ್ಲ ದೊಡ್ಡದು ಎಂದು ನಂಬಿದವನಾದ್ದರಿಂದ ಕೈ ಮುಗಿದ.

ಇನ್ನೊಂದು ಸಂಗತಿ ಅವನ ತಲೆ ತಿನ್ನುತ್ತಿತ್ತು. ಕಾಡಿನ ನಡುವೆ ಹೊಳೆಯ ದಂಡೆಗೆ ಬಾಗಿಕೊಂಡ ಒಂದು ಹಳೇ ಹೊನ್ನೆ ಮರ. ಅದರ ಹತ್ತಿರ ಬಂದರೆ ಅಯ್ಯನವರು ದಿನಾ ನಿಲ್ಲುವರು. ಮುಖವನ್ನು ನೀರಿನ ಕಡೆ ತಿರುಗಿಸಿ ಕೇಳುವರು.

"ದುಗ್ಗಪ್ಪ, ಇವತ್ತು ಹೊಳೆ ಎಂತಾ ಬಣ್ಣಕ್ಕಿದೆ?"

ಇದು ಪರೀಕ್ಷೆ ಎಂದು ಅವನಿಗೆ ಮೊದಲ ದಿನವೇ ಗೊತ್ತಾಗಿಹೋಗಿತ್ತು. ಗುರುಗಳು ಸುಮ್ಮನೆ ಕೇಳುತ್ತಾರೆಯೇ?

"ನೋಡುವವನ ಮನಸ್ಸಿನ ಬಣ್ಣ, ಗುರುಗಳೇ," ಎಂದ ಒಂದು ದಿನ.

"ಹ್ಞೂಂ," ಎಂದು ಅಯ್ಯನವರು ಮುಂದೆ ಹೋದರು.

"ಬಣ್ಣವೆಲ್ಲ ಮಾಯೆ. ಇರುವುದು ನೀರೊಂದೇ," ಎಂದ ಮತ್ತೊಂದು ದಿನ.

"ಹಾಗೋ," ಎಂದು ಅಯ್ಯನವರು ಮುಂದೆ ಹೋದರು.

ಸರಿಯುತ್ತರ ಯಾವುದಪ್ಪಾ ಎಂದು ದುಗ್ಗಪ್ಪ ಊಟ ಮಾಡುವಾಗಲೂ ಯೋಚಿಸುತ್ತಿದ್ದ. ಹೊಳೆಯ ಕಡೆ ಮಾತ್ರ ತಿರುಗಿ ನೋಡುತ್ತಿರಲಿಲ್ಲ.

ಹೀಗಿರುವಾಗ ಹೊಳೆಯ ಮೇಲ್ಗಡೆಯ ದೊಡ್ಡ ಮಠದಿಂದ ಪಾರುಪತ್ಯಗಾರ ನಾರ್ಣಯ್ಯನವರು ದೋಣಿಯಲ್ಲಿ ಬಂದಿಳಿದರು. ಮಠದ ಹೊರಗಿನ ವ್ಯವಹಾರವೆಲ್ಲ ಅವರದೇ. ಒಳ್ಳೆಯ ಮನುಷ್ಯ. ಹಿರಿಯರನ್ನು ಕಂಡರೆ ಮರುಗುವ ಜೀವ.

"ಅಯ್ಯನವರೇ, ವಯಸ್ಸಾಯಿತು. ಮೊಣಕಾಲು ನಡುಗುತ್ತದೆ. ಈ ಮರಳಗಾಡಿನಲ್ಲಿ ಬಿದ್ದುಗಿದ್ದರೆ ಕೇಳುವವರು ಯಾರು? ಮಠಕ್ಕೆ ಬಂದುಬಿಡಿ. ಬೆಚ್ಚನೆ ಕೋಣೆ ಇದೆ, ಹೊತ್ತಿಗೆ ಸರಿಯಾಗಿ ಊಟ ಇದೆ."

"ಅಲ್ಲಿ ನಡೆಯಲಿಕ್ಕೆ ಜಾಗ ಉಂಟೋ?"

"ಜಗಲಿ ಉಂಟು."

ಅಯ್ಯನವರು ನಕ್ಕು ಕಡಲಿನ ಕಡೆ ಮುಖ ತಿರುಗಿಸಿದರು.

"ಆಯಿತು, ಬಲವಂತ ಬೇಡ," ಎಂದರು ನಾರ್ಣಯ್ಯ. "ಹುಣ್ಣಿಮೆಗೆ ಬರುತ್ತೇನೆ. ನನ್ನ ಕಣ್ಣೆದುರಿಗೆ ಯಾರ ಕೈಯನ್ನೂ ಹಿಡಿಯದೆ ಒಂದು ಸುತ್ತು ನಡೆದು ಬನ್ನಿ. ಬಂದರೆ ಇಲ್ಲೇ ಇರಿ. ಆಗದಿದ್ದರೆ ನನ್ನ ದೋಣಿ ಹತ್ತಬೇಕು. ಒಪ್ಪಿಗೆಯೇ?"

"ಒಪ್ಪಿಗೆ," ಎಂದುಬಿಟ್ಟರು ಅಯ್ಯನವರು.

ದುಗ್ಗಪ್ಪ ಹೊತ್ತಿದ್ದ ಕೊಡವನ್ನು ಕೆಳಗಿಟ್ಟ. ಅಯ್ಯನವರು ಹೋದರೆ ಆಶ್ರಮ ಹೋಯಿತು. ಉಪದೇಶ ಹಾಳಾಗಲಿ, ಬೆಳಗಿನ ಆ ದನಿಯೇ ಇಲ್ಲದ ಮೇಲೆ ಅವನಿಗೆ ಬೇರೆ ಏನಿತ್ತು? ಅಪ್ಪ ಅಮ್ಮ ಕಣ್ಮುಚ್ಚಿದ ಮೇಲೆ ಅವನು ಮನೆ ಎಂದು ಕರೆದದ್ದು ಆ ಎರಡು ಗುಡಿಸಲನ್ನೇ.

ಹುಣ್ಣಿಮೆಯ ಹಿಂದಿನ ದಿನ. ಅಯ್ಯನವರು ಊಟ ಮುಗಿಸಿ ಅಡ್ಡಾದರು. ದುಗ್ಗಪ್ಪ ಸೊಂಟಕ್ಕೆ ಕತ್ತಿ ಸಿಕ್ಕಿಸಿ, ಹೆಗಲಿಗೆ ಕೊಡಲಿ ಹಾಕಿಕೊಂಡು ಕಾಡಿನ ದಾರಿ ಹಿಡಿದ. ಮೊಣಕಾಲು ಗಟ್ಟಿ ಮಾಡುವುದು ತನ್ನ ಕೈಲಾಗದು, ದಾರಿಯನ್ನಾದರೂ ಮೆತ್ತಗೆ ಮಾಡಬಹುದಲ್ಲ!

ಮೊದಲು ಸಿಕ್ಕಿದ್ದು ದಾರಿಗೆ ಅಡ್ಡ ಬಾಗಿದ ಒಂದು ಕೊಂಬೆ. ಅಯ್ಯನವರು ದಿನಾ ಅದರಡಿ ತಲೆ ತಗ್ಗಿಸಿ ದಾಟುತ್ತಿದ್ದರು. ಗುರುಗಳು ಒಂದು ಕೊಂಬೆಗೆ ತಲೆ ಬಾಗಿಸುವುದೇ? ಕಡಿದು ಎಸೆದ.

ಮುಂದೆ ಹೊನ್ನೆ ಮರ. ಅದರ ಬೇರೊಂದು ದಾರಿಗೆ ಅಡ್ಡಲಾಗಿ ಎದ್ದು ಮಲಗಿತ್ತು. ದಿನಾ ಅಯ್ಯನವರ ಕಾಲಬೆರಳು ಅದಕ್ಕೆ ತಾಗುವುದನ್ನು ಅವನು ಕಂಡಿದ್ದ. ಎಡವುವುದು ಅಲ್ಲಿಯೇ! ಕೊಡಲಿ ಎತ್ತಿ ಬೇರನ್ನು ಕಡಿದು, ಕಿತ್ತು, ಮಣ್ಣು ತುಂಬಿ ಸಪಾಟು ಮಾಡಿದ.

ಇನ್ನೂ ಮುಂದೆ ಬಳಚಿನ ಚಿಪ್ಪುಗಳ ರಾಶಿ. ಹೊಳೆಯ ಕೆಸರಿನಲ್ಲಿ ಬಳಚು ಹೆಕ್ಕುವ ಮಂಕಾಳಕ್ಕ ಬೇಯಿಸಿ ತೆಗೆದ ಚಿಪ್ಪನ್ನೆಲ್ಲ ಅಲ್ಲೇ ಸುರಿಯುತ್ತಿದ್ದಳು. ರಾಶಿ ದಾರಿಯ ಮೇಲೆಯೇ ಹರಡಿ, ಕಾಲಿಟ್ಟರೆ ಕರಕರ ಎನ್ನುತ್ತಿತ್ತು. ದುಗ್ಗಪ್ಪ ಬುಟ್ಟಿಯಲ್ಲಿ ತುಂಬಿ ದಂಡೆಯ ಆಚೆ ಎಸೆಯತೊಡಗಿದ.

ಸೊಂಟದ ಮಟ್ಟ ನೀರಿನಲ್ಲಿದ್ದ ಮಂಕಾಳಕ್ಕ ಕೂಗಿದಳು.

"ಎಂತಾ ಮಾಡ್ತಿದ್ದೀಯ ಮಾರಾಯ?"

"ಗುರುಗಳ ಕಾಲಿಗೆ ಚುಚ್ಚುತ್ತದಕ್ಕಾ!"

"ಅಲ್ಲಿ ಹಾಕು ಅಂದದ್ದೇ ಅಯ್ಯನವರು!"

ದುಗ್ಗಪ್ಪ ನಕ್ಕ. ಈ ಅಕ್ಕ ದೂರ ಹೊರಬಾರದು ಎಂದು ಪಾಪ, ಗುರುಗಳ ದೊಡ್ಡ ಮನಸ್ಸು ಹಾಗೆ ಹೇಳಿಸಿದೆ ಎಂದುಕೊಂಡ. ರಾಶಿ ಪೂರಾ ಖಾಲಿ ಮಾಡಿ, ಮೇಲೆ ಮರಳು ಹರಡಿದ.

ತಿರುಗಿ ನೋಡಿದರೆ ದಾರಿ ಸಾರಿಸಿದ ಅಂಗಳದಂತಿತ್ತು. ಅವನ ಮೈಯೆಲ್ಲ ಬೆವರು. ಇದು ಸೇವೆ ಎಂದರೆ!

ಮಾರನೆಯ ಬೆಳಿಗ್ಗೆ ನಾರ್ಣಯ್ಯನವರ ದೋಣಿ ಬಂತು. ಮೂವರೂ ಹೊರಟರು.

ಕಡಲಂಚಿನಲ್ಲಿ ಅಯ್ಯನವರ ನಡಿಗೆ ನೋಡಬೇಕಿತ್ತು! ಹಸಿ ಮರಳು ಎಲ್ಲಿ ಗಟ್ಟಿಯೋ ಅಲ್ಲೇ ಕಾಲಿಡುತ್ತಾ, ಎಡಗಿವಿಗೆ ಅಲೆಯ ಸದ್ದು ಕೇಳಿಸಿಕೊಳ್ಳುತ್ತಾ, ಬೆನ್ನು ನೆಟ್ಟಗೆ ಮಾಡಿಕೊಂಡು ನಡೆದರು. ಏಡಿಗಳು ದಡಬಡ ಓಡಿ ಬಿಲ ಸೇರಿದವು. ಹಿಂದೆ ಬಿದ್ದವರು ನಾರ್ಣಯ್ಯನವರೇ.

"ಅಯ್ಯನವರೇ, ಸ್ವಲ್ಪ ನಿಧಾನ! ಮೊಣಕಾಲು ನಡುಗುವುದು ಈಗ ನನಗೆ!"

ಅಯ್ಯನವರು ನಕ್ಕರು. ದುಗ್ಗಪ್ಪನಿಗೆ ಹಿಗ್ಗೋ ಹಿಗ್ಗು. ಇಲ್ಲಿಯೇ ಹೀಗಾದರೆ, ತಾನು ಹಸನು ಮಾಡಿದ ದಾರಿಯಲ್ಲಿ ಇನ್ನು ಹೇಗೋ!

ಕೇದಗೆ ಹೂ ಬಿಟ್ಟಿತ್ತು. ಪರಿಮಳ ಮೂಗಿಗೆ ಬಡಿದದ್ದೇ ತಡ, ಅಯ್ಯನವರು ಬಲಕ್ಕೆ ತಿರುಗಿ ಕಾಡಿನೊಳಗೆ ಹೊಕ್ಕರು. ಒಳಗೆ ತಂಪು. ಎಡಕ್ಕೆ ಎಲೆಗಳ ಸಂದಿಯಲ್ಲಿ ಹೊಳೆ. ಚಪ್ಪಲಿಯಲ್ಲಿ ತುಂಬಿದ ಮರಳು ಕೊಡವಲು ನಾರ್ಣಯ್ಯನವರು ಹಿಂದೆಯೇ ಕೂತರು.

ಸ್ವಲ್ಪ ದೂರ ಹೋದ ಮೇಲೆ ಅಯ್ಯನವರು ತಲೆ ತಗ್ಗಿಸಿದರು.

ತಗ್ಗಿಸಿದ ತಲೆಯನ್ನು ಮತ್ತೆ ಎತ್ತಲಿಲ್ಲ. ಹಾಗೇ ಬಾಗಿಕೊಂಡು ಐದಾರು ಹೆಜ್ಜೆ ಹೋದರು. ನಿಂತರು.

"ಇಲ್ಲೊಂದು ಕೊಂಬೆ ಇತ್ತಲ್ಲ, ದುಗ್ಗಪ್ಪ."

"ಕಡಿದುಬಿಟ್ಟೆ, ಗುರುಗಳೇ!"

"ಓ," ಎಂದರು ಅಯ್ಯನವರು.

ಆ "ಓ" ದುಗ್ಗಪ್ಪನಿಗೆ ಹಿಡಿಸಲಿಲ್ಲ. ಅದರಲ್ಲಿ ಸಂತೋಷ ಇರಲಿಲ್ಲ, ಸಿಟ್ಟೂ ಇರಲಿಲ್ಲ. ಸಂತೆಯಲ್ಲಿ ತಾಯಿಯ ಸೆರಗು ಕೈಜಾರಿದ ಮಗು ಹಾಗೆ ಅನ್ನುತ್ತದೆ.

ಅಯ್ಯನವರು ಮತ್ತೆ ಹೊರಟರು. ಆದರೆ ಅದು ಕಡಲಂಚಿನ ನಡಿಗೆಯಾಗಿರಲಿಲ್ಲ. ಒಂದು ಕಾಲು ಮುಂದೆ ಚಾಚಿ, ಬೆರಳುಗಳಿಂದ ನೆಲವನ್ನು ತಡವಿ, ಆಮೇಲೆ ಊರುತ್ತಿದ್ದರು. ಸಪಾಟು ನೆಲ. ತಡವಿದರೆ ಏನು ಸಿಕ್ಕೀತು? ಮತ್ತೆ ತಡವಿದರು.

ದುಗ್ಗಪ್ಪ ಆ ಬೆರಳುಗಳನ್ನೇ ನೋಡಿದ. ಎಷ್ಟು ದಿನ ಜೊತೆಗಿದ್ದ! ಗುರುಗಳ ಪಾದ ಎಂದು ದಿನಾ ಹಣೆ ಮುಟ್ಟಿಸಿದ್ದನೇ ಹೊರತು ಆ ಬೆರಳು ದಿನಾ ಬೇರಿಗೆ ತಾಗುವುದು ಏಕೆ ಎಂದು ಒಮ್ಮೆಯೂ ಯೋಚಿಸಿರಲಿಲ್ಲ.

ಇವತ್ತು ಹೊಳೆ ಎಂತಾ ಬಣ್ಣಕ್ಕಿದೆ?

ಅಯ್ಯೋ ದೇವರೇ. ಅದು ಪರೀಕ್ಷೆಯಲ್ಲ. ಗುರುಗಳಿಗೆ ಹೊಳೆಯ ಬಣ್ಣ ಗೊತ್ತಾಗಬೇಕಿತ್ತು, ಅಷ್ಟೇ.

ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಹಾಗಾಗಿತ್ತು ಅವನ ಸೇವೆ. ಕೊಂಬೆ ತಲೆಗೆ ತಾಗಿದರೆ ಹೊನ್ನೆ ಮರ ಹತ್ತಿರ. ಬೇರು ಕಾಲಿಗೆ ತಾಗಿದರೆ ದಂಡೆಯ ಅಂಚು, ಅಲ್ಲಿ ಬಲಕ್ಕೆ ಹೊರಳಬೇಕು. ಚಿಪ್ಪು ಕರಕರ ಎಂದರೆ ಆಶ್ರಮದ ಕಡೆಯ ತಿರುವು. ಮೂರನ್ನೂ ತನ್ನ ಕೈಯಾರೆ ಅಳಿಸಿಹಾಕಿದ್ದ. ಅಳಿಸಿ, ಮೇಲೆ ಮರಳನ್ನೂ ಹರಡಿದ್ದ!

ಅಯ್ಯನವರು ಹೊನ್ನೆ ಮರದ ಹತ್ತಿರ ಬಂದಿದ್ದರು. ನೆಟ್ಟಗೆ ದಂಡೆಯ ಕಡೆಗೆ ಹೋಗುತ್ತಿದ್ದರು. ಕೆಳಗೆ ಮೊಣಕಾಲಾಳದ ಕೆಸರು. ಹಿಂದೆ ನಾರ್ಣಯ್ಯನವರ ಚಪ್ಪಲಿಯ ಸದ್ದು ಹತ್ತಿರ ಬರುತ್ತಿತ್ತು.

ಕೈ ಹಿಡಿದರೆ ಗುರುಗಳು ದೋಣಿ ಹತ್ತಬೇಕು. ಹಿಡಿಯದಿದ್ದರೆ ಕೆಸರಿಗೆ ಬೀಳುತ್ತಾರೆ, ಆಗಲೂ ದೋಣಿಯೇ.

ದುಗ್ಗಪ್ಪ ಓಡಿದ. ಗುರುಗಳನ್ನು ದಾಟಿ, ಬೇರು ಇದ್ದ ಜಾಗದಲ್ಲಿ ಕುಕ್ಕರಿಸಿ, ತನ್ನ ಬಲಗಾಲನ್ನು ದಾರಿಗೆ ಅಡ್ಡ ಚಾಚಿದ.

ಚಾಚಿದ ಮೇಲೆ ಹೊಳೆಯಿತು, ತಾನೇನು ಮಾಡುತ್ತಿದ್ದೇನೆ ಎಂದು. ಶಿಷ್ಯನ ಕಾಲು ಗುರುವಿಗೆ ತಾಗುವುದೇ? ಅದಕ್ಕಿಂತ ಪಾಪ ಯಾವುದು? ಗುರುಗಳ ನೆರಳು ತುಳಿಯಬಾರದು ಎಂದು ಬೆಳೆದವನು ಅವನು. ಕಾಲು ತಾನಾಗಿ ಹಿಂದೆ ಸರಿಯಲು ಹೊರಟಿತು.

ಅವನು ಎರಡೂ ಕೈಯಿಂದ ತನ್ನ ಕಾಲನ್ನು ಹಿಡಿದು ಅಲ್ಲೇ ಇಟ್ಟುಕೊಂಡ.

ಅಯ್ಯನವರ ಕಾಲಬೆರಳು ಬಂದು ತಾಗಿತು. ನಿಂತಿತು. ಮೆಲ್ಲಗೆ ಒಮ್ಮೆ ತಡವಿತು.

ಬೇರು ಬೆಚ್ಚಗಿರುವುದಿಲ್ಲ. ಬೇರು ನಡುಗುವುದೂ ಇಲ್ಲ.

ಅಯ್ಯನವರು ಕಾಲೆತ್ತಿ ದಾಟಿದರು. ಬಲಕ್ಕೆ ಹೊರಳಿದರು. ಮತ್ತೆ ಅವರ ಬೆನ್ನು ನೆಟ್ಟಗಾಯಿತು.

ದುಗ್ಗಪ್ಪ ಎದ್ದು ಬಿದ್ದು ಅಡ್ಡದಾರಿಯಲ್ಲಿ ಓಡಿದ. ದಂಡೆಯಿಂದ ಕೆಸರಿಗೆ ಹಾರಿ, ನಿನ್ನೆ ಎಸೆದ ಚಿಪ್ಪುಗಳನ್ನು ಬಾಚಿ ಬಾಚಿ ಹೆಗಲ ವಸ್ತ್ರಕ್ಕೆ ತುಂಬಿದ. ನೀರಿನಲ್ಲಿದ್ದ ಮಂಕಾಳಕ್ಕ ಸೊಂಟದ ಮೇಲೆ ಕೈಯಿಟ್ಟು ನೋಡಿದಳು.

"ನಿನ್ನೆ ಬಿಸಾಡ್ದೆ, ಇವತ್ತು ಹೆಕ್ತೀಯ! ತಲೆ ಸರಿ ಉಂಟಾ ನಿಂಗೆ?"

"ಇಲ್ಲಕ್ಕಾ, ಸರಿ ಇರಲಿಲ್ಲ!" ಎನ್ನುತ್ತಾ ಅವನು ಮೇಲೆ ಹತ್ತಿದ. ತಿರುವಿನಲ್ಲಿ ಚಿಪ್ಪು ಸುರಿದು, ಅಂಗೈಯಿಂದ ಹರಡಿ ಮುಗಿಸುವುದಕ್ಕೂ ಅಯ್ಯನವರು ಬರುವುದಕ್ಕೂ ಸರಿಹೋಯಿತು.

ಕರಕರ.

ಅಯ್ಯನವರು ಆಶ್ರಮದ ಕಡೆ ತಿರುಗಿದರು.

ಬೇಲಿಯ ಒಳಗೆ ಬಂದು ಜಗಲಿಯ ಮೇಲೆ ಕೂತು ನೀರು ಕುಡಿದರು. ನಾರ್ಣಯ್ಯನವರು ಬಂದು ಎದುರಿಗೆ ನಿಂತರು. ಅವರ ನೋಟ ಒಮ್ಮೆ ಅಯ್ಯನವರ ಮುಖದ ಮೇಲೆ, ಒಮ್ಮೆ ಮೊಣಕಾಲವರೆಗೆ ಕೆಸರು ಮೆತ್ತಿಕೊಂಡು ಮೂಲೆಯಲ್ಲಿ ನಿಂತ ದುಗ್ಗಪ್ಪನ ಮೇಲೆ.

"ನಾನು ಎಲ್ಲ ನೋಡಿದೆ," ಎಂದರು. "ಗುರುವಿಗೆ ಅಡ್ಡಗಾಲು ಕೊಟ್ಟ ಶಿಷ್ಯನನ್ನು ಕಂಡದ್ದು ಇದೇ ಮೊದಲು."

ದುಗ್ಗಪ್ಪ ತಲೆ ತಗ್ಗಿಸಿದ.

"ಅಯ್ಯನವರೇ, ನಿಮಗೆ ಕಣ್ಣು ಕಾಣುವುದಿಲ್ಲ."

"ಕಾಣುವುದಿಲ್ಲ."

"ಎಷ್ಟು ಕಾಲವಾಯಿತು?"

"ಹೋದ ಮಳೆಗಾಲಕ್ಕೆ ಮಸುಕಾಯಿತು. ಈ ಮಳೆಗಾಲಕ್ಕೆ ಹೋಯಿತು."

"ಹೇಳಬಾರದಿತ್ತೇ?"

"ನೀವು ಮೊಣಕಾಲು ಕೇಳಿದಿರಿ. ಕಣ್ಣು ಕೇಳಲಿಲ್ಲ."

ನಾರ್ಣಯ್ಯನವರು ನಗಲೂ ಆರದೆ ಅಳಲೂ ಆರದೆ ಜಗಲಿಯ ಅಂಚಿಗೆ ಕೂತರು. ಆಮೇಲೆ ದುಗ್ಗಪ್ಪನನ್ನು ಹತ್ತಿರ ಕರೆದರು.

"ಮಾತು ಮಾತೇ. ಕೈ ಹಿಡಿಯಬಾರದು ಅಂದಿದ್ದೆ, ಯಾರೂ ಹಿಡಿಯಲಿಲ್ಲ. ಆದರೆ ಇದು ಇವತ್ತಿನ ಮಾತು. ನಾಳೆ ಅಲ್ಲಿ ಬೇರು ಇರುತ್ತದೆಯೋ?"

"ಇರುತ್ತದೆ," ಎಂದ ದುಗ್ಗಪ್ಪ.

"ಮಳೆ ಹೊಯ್ಯುವಾಗ?"

"ಆಗಲೂ ಇರುತ್ತದೆ."

"ನಿನಗೆ ಬೇಸರ ಬಂದಾಗ? ಸುಲಭದ ದಾರಿ ಅದು. ಬೇಸರ ಬಂದೇ ಬರುತ್ತದೆ."

ದುಗ್ಗಪ್ಪ ಕೆಸರು ಮೆತ್ತಿದ ತನ್ನ ಬಲಗಾಲನ್ನು ನೋಡಿಕೊಂಡ. "ಬೇಸರ ಬಂದರೂ ಇರುತ್ತದೆ," ಎಂದ.

ನಾರ್ಣಯ್ಯನವರು ಅಯ್ಯನವರ ಪಾದ ಮುಟ್ಟಿ ನಮಸ್ಕರಿಸಿ, ಒಬ್ಬರೇ ದೋಣಿ ಹತ್ತಿದರು.

ದೋಣಿ ಕಣ್ಮರೆಯಾದದ್ದೇ ದುಗ್ಗಪ್ಪ ಗುರುಗಳ ಕಾಲ ಬಳಿ ಬಿದ್ದುಬಿಟ್ಟ. ತಡೆದಿಟ್ಟುಕೊಂಡಿದ್ದ ಅಳುವೆಲ್ಲ ಒಂದೇ ಸಲಕ್ಕೆ ಬಂತು.

"ನಾನು ಪಾಪಿ, ಗುರುಗಳೇ. ನಿಮ್ಮ ದಾರಿಯನ್ನೇ ಕಡಿದುಹಾಕಿದೆ. ಮೇಲಿಂದ ನನ್ನ ಕಾಲು ನಿಮಗೆ ತಾಗಿಸಿದೆ."

"ಯಾರ ಕಾಲು? ನನಗೆ ತಾಗಿದ್ದು ಬೇರು."

"ನನಗಾದರೂ ಒಂದು ಮಾತು ಹೇಳಬಾರದಿತ್ತೇ?"

"ದಿನಾ ಹೇಳುತ್ತಿದ್ದೆನಲ್ಲ ಮಾರಾಯ, ಹೊಳೆ ಎಂತಾ ಬಣ್ಣ ಹೇಳು ಅಂತ. ನೀನು ನನಗೇ ವೇದಾಂತ ಹೇಳುತ್ತಿದ್ದೆ."

ದುಗ್ಗಪ್ಪ ಕಣ್ಣೊರೆಸಿಕೊಂಡ. ಎದ್ದು ಬೇಲಿಯವರೆಗೆ ಹೋದ. ಅಲ್ಲಿ ನಿಂತು, ಬಂದಂದಿನಿಂದ ಮೊದಲ ಸಲ ಹೊಳೆಯನ್ನು ನೋಡಿದ.

"ಗುರುಗಳೇ, ನಡುವೆ ಹಸಿರು. ಎಳೇ ಬಾಳೆ ಎಲೆಯ ಹಸಿರು. ಆಚೆ ದಂಡೆಯ ಹತ್ತಿರ ಮರದ ನೆರಳು ಬಿದ್ದು ಕಪ್ಪಗಿದೆ. ಉಬ್ಬರ ಏರುತ್ತಿರಬೇಕು, ಅಳಿವೆಯ ಕಡೆಯಿಂದ ನೀಲಿ ಒಳಗೆ ಬರುತ್ತಾ ಇದೆ. ಎರಡೂ ಸೇರುವಲ್ಲಿ ಒಂದು ಗೆರೆ ಇದೆ, ಗುರುಗಳೇ. ಗೆರೆಯ ಮೇಲೆ ಒಂದು ಬೆಳ್ಳಕ್ಕಿ ಹಾರುತ್ತಾ ಇದೆ."

ಅಯ್ಯನವರು ಮುಖವನ್ನು ಹೊಳೆಯ ಕಡೆ ತಿರುಗಿಸಿ ಕೇಳುತ್ತಾ ಕೂತಿದ್ದರು. ಅವರ ಮುಖ ಅಷ್ಟು ಅರಳಿದ್ದನ್ನು ದುಗ್ಗಪ್ಪ ಅದುವರೆಗೆ ಕಂಡಿರಲಿಲ್ಲ.

"ಬೆಳ್ಳಕ್ಕಿ ಕೂತಿತೋ?" ಎಂದು ಕೇಳಿದರು.

"ಇಲ್ಲ, ಗುರುಗಳೇ. ಇನ್ನೂ ಹಾರುತ್ತಿದೆ."

"ಕೂತ ಮೇಲೆ ಹೇಳು."

ಅದು ಕೂರುವವರೆಗೂ ದುಗ್ಗಪ್ಪ ಬೇಲಿಯ ಬಳಿ ನಿಂತಿದ್ದ. ಬೆಳಗಿನ ನೀರು ಸೇದಿರಲಿಲ್ಲ, ಸೌದೆ ಒಡೆದಿರಲಿಲ್ಲ. ಆದರೂ ನಿಂತಿದ್ದ.

ಮಾರನೆಯ ಬೆಳಿಗ್ಗೆ ಅಯ್ಯನವರು ಎಂದಿನಂತೆ ಕಡಲ ದಾರಿಯಲ್ಲಿ ಹೊರಟರು. ಹಿಂದೆ ಯಾರೂ ಇರಲಿಲ್ಲ. ದುಗ್ಗಪ್ಪ ಇನ್ನೂ ಮೊದಲೇ ಎದ್ದು, ಕಾಡಿನ ದಾರಿಯಲ್ಲಿ ಒಂದು ಬಳ್ಳಿಯನ್ನು ಎಳೆದು ಕೊಂಬೆಯಿದ್ದ ಎತ್ತರಕ್ಕೆ ಇಳಿಬಿಟ್ಟು ಕಟ್ಟಿದ್ದ. ತಿರುವಿನಲ್ಲಿ ಮಂಕಾಳಕ್ಕ ಬೈಯುತ್ತಲೇ ಎರಡು ಬುಟ್ಟಿ ಹೊಸ ಚಿಪ್ಪು ಸುರಿದು ಹೋಗಿದ್ದಳು.

ಬೇರಿಗೆ ಮಾತ್ರ ಬದಲಿ ಇರಲಿಲ್ಲ. ಅವನು ಹೊನ್ನೆ ಮರದ ಬುಡಕ್ಕೆ ಒರಗಿ, ಕಾಲು ಅಡ್ಡ ಚಾಚಿಕೊಂಡು ಕೂತ. ಕೂತು ಕೂತು ದಾರಿಯನ್ನು ನೋಡಿದ. ಎಲೆಯ ಸಂದಿಯಿಂದ ಬಿಸಿಲಿನ ಕೋಲು ನೆಲಕ್ಕೆ ಇಳಿಯುವುದನ್ನು, ಇರುವೆ ಸಾಲು ತನ್ನ ಹಿಮ್ಮಡಿಯನ್ನು ಹತ್ತಿ ಇಳಿದು ಹೋಗುವುದನ್ನು, ಮಿಂಚುಳ್ಳಿ ನೀರಿಗೆ ಬಿದ್ದು ಏಳುವುದನ್ನು. ಬೇಸರ ಬರಲಿ ಎಂದು ಕಾದ. ಬರಲಿಲ್ಲ.

ದೂರದಲ್ಲಿ ಹೆಜ್ಜೆ ಕೇಳಿಸಿತು. ಬಳ್ಳಿಯ ಹತ್ತಿರ ಹೆಜ್ಜೆ ನಿಂತು, ತಲೆ ತಗ್ಗಿ, ಮುಂದೆ ಬಂತು.

ಗುರುಗಳು ಎಡವದಿರಲಿ ಎಂದು ದುಗ್ಗಪ್ಪ ಕಾಲನ್ನು ತುಸುವೇ ತುಸು ಅವರ ಕಡೆಗೆ ಸರಿಸಿದ.

ಬೆರಳು ಬಂದು ತಾಗಿತು. ಮೆಲ್ಲಗೆ ತಡವಿತು. ಅಯ್ಯನವರು ಕಾಲೆತ್ತಿ ದಾಟಿ, ಬಲಕ್ಕೆ ಹೊರಳಿ ನಾಲ್ಕು ಹೆಜ್ಜೆ ಹೋದರು. ಅಲ್ಲಿಂದಲೇ, ತಿರುಗದೆ, ಮರದೊಡನೆ ಮಾತಾಡುವಂತೆ ಹೇಳಿದರು.

"ನಿನ್ನೆಗಿಂತ ಒಂದು ಬೆರಳು ಮುಂದೆ ಬಂದಿದೆಯಲ್ಲ ಈ ಬೇರು. ಬೆಳೆಯುತ್ತಾ ಇದೆ."